ಟವೆಲ್ ಹಾಕಿದ ದುಡ್ಡು



ಶನಿವಾರ ಸಂಜೆಯ ಬಸ್ ಸ್ಟ್ಯಾಂಡನ್ನು ಒಂದು ಸಲ ನೆನಪು ಮಾಡಿಕೊಳ್ಳಿ. ಹಾಸನದ ಕಡೆಯ ಕೆಂಪು ಬಸ್ಸು ಇನ್ನೂ ಸರಿಯಾಗಿ ನಿಂತಿರುವುದಿಲ್ಲ. ಆಗಲೇ ಕಿಟಕಿ ಸರಳುಗಳ ಸಂದಿಯಿಂದ ಟವೆಲುಗಳು, ಕರ್ಚೀಫುಗಳು, ಒಂದೆರಡು ತರಕಾರಿ ಚೀಲಗಳು ಒಳಗೆ ಹಾರಿ ಸೀಟುಗಳ ಮೇಲೆ ಬೀಳುತ್ತವೆ. ಟವೆಲ್ ಹಾಕಿದವನು ಇನ್ನೂ ಬಾಗಿಲ ಹತ್ತಿರದ ನೂಕಾಟದಲ್ಲೇ ಇದ್ದಾನೆ. ಸೀಟು ಖಾಲಿ. ಆದರೆ ನೀವು ಹೋಗಿ ಕೂರುವ ಹಾಗಿಲ್ಲ. "ಟವೆಲ್ ಹಾಕಿದೆ ಕಣ್ರೀ, ಕಾಣಲ್ವಾ?" ಎಂದು ಪಕ್ಕದವರೇ ಗದರುತ್ತಾರೆ. ಟಿಕೆಟ್ಟು ಕೊಂಡಿಲ್ಲ, ರಿಸರ್ವೇಶನ್ ಮಾಡಿಸಿಲ್ಲ, ಕಂಡಕ್ಟರಿಗೆ ಅದರ ಗಂಧಗಾಳಿ ಇಲ್ಲ. ಆದರೂ ಆ ಟವೆಲಿಗೆ ಇಡೀ ಬಸ್ಸು ಮರ್ಯಾದೆ ಕೊಡುತ್ತದೆ.  

ಇವತ್ತಿನ ಮಾತು ದುಡ್ಡಿನ ಮೇಲೆ ಬೀಳುವ ಟವೆಲಿನದು. ನನ್ನ ದುಡ್ಡಿನ ಮೇಲೆ ಅದು ಬಿದ್ದದ್ದು ಅಮೆರಿಕದಲ್ಲಿ, ಒಂದು ಪೆಟ್ರೋಲ್ ಬಂಕಿನಲ್ಲಿ. ಬಿದ್ದ ಮೇಲೆ ಮೂರು ದಿನ ಅಲ್ಲಾಡಲಿಲ್ಲ.

ನಾನೂ ನಮ್ಮ ಮನೆಯವರೂ ಮಗಳನ್ನು ನೋಡಲೆಂದು ಟೆಕ್ಸಸ್ ರಾಜ್ಯದ ಪ್ಲೇನೋ ಎಂಬ ಊರಿಗೆ ಹೋಗಿದ್ದೆವು. ಡಲ್ಲಾಸ್ ನಗರಕ್ಕೆ ಅಂಟಿಕೊಂಡ ಊರು. ಹೊರಡುವ ಮುಂಚೆ ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡ್ ಒಂದನ್ನು ಜಂಬದಿಂದ ಮಾಡಿಸಿಕೊಂಡಿದ್ದೆ. ಅಲ್ಲಿದ್ದ ಐದು ತಿಂಗಳೂ ಅದಕ್ಕೆ ಕೆಲಸ ಸಿಕ್ಕಿದ್ದು ಕಮ್ಮಿ. ಅಂಗಡಿಯಲ್ಲಿ ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಮಗಳು ಕೊಟ್ಟಾಗಿರುತ್ತಿತ್ತು. ಹೋಟೆಲಿನಲ್ಲಿ ಅಳಿಯಂದಿರು. ವಾಪಸು ಹೊರಡಲು ಒಂದು ವಾರ ಇದೆ ಎನ್ನುವಾಗ ನೋಡಿದರೆ 231 ಡಾಲರ್ ಕಾರ್ಡಿನಲ್ಲಿ ಹಾಗೇ ಕೂತಿದೆ. ಡಾಲರನ್ನು ಮತ್ತೆ ರೂಪಾಯಿ ಮಾಡಿಸಲು ಹೋದರೆ ಕೊಂಡಾಗಿನ ದರ ಒಂದು, ಕೊಡುವಾಗಿನ ದರ ಇನ್ನೊಂದು. ನಷ್ಟ ಯಾಕೆ, ಇಲ್ಲೇ ಮುಗಿಸಿಬಿಡೋಣ ಎಂದುಕೊಂಡೆ.

"ಅಳಿಯಂದ್ರೇ, ಇವತ್ತು ಪೆಟ್ರೋಲ್ ನಂದು" ಅಂದೆ.

"ಬೇಡ ಮಾವ, ನಿಮ್ಮ ಕಾರ್ಡ್ ಇಲ್ಲಿ ಪಂಪಲ್ಲಿ ಸುಮ್ನೆ ತಲೆನೋವು."

"ನಾನು ಮೂವತ್ತೆಂಟು ವರ್ಷ ಬ್ಯಾಂಕಲ್ಲಿದ್ದೋನು. ಕಾರ್ಡಿನ ವಿಷಯ ನಂಗೆ ಹೇಳ್ಕೊಡ್ತೀರಾ?"

ಪಾಪ, ಅವರು ಮತ್ತೆ ಬಾಯಿ ಬಿಡಲಿಲ್ಲ.

ಅಲ್ಲಿ ಪೆಟ್ರೋಲಿಗೆ ಗ್ಯಾಸ್ ಅನ್ನುತ್ತಾರೆ. ನಮ್ಮ ಮನೆಯವರಿಗೆ ಅದು ಕೊನೆಯವರೆಗೂ ಒಗ್ಗಲಿಲ್ಲ. ಸಿಲಿಂಡರ್ ತರೋಕೆ ಹೋಗಿದ್ದಾರೆ ಅಂತಲೇ ಮಗಳಿಗೆ ಹೇಳಿದರಂತೆ. ಬಂಕಿಗೆ ಹೋದರೆ ನರಪಿಳ್ಳೆಯಿಲ್ಲ. ಕಾರಿಗೊಂದು ಪಂಪು, ಪಂಪಿಗೊಂದು ಪರದೆ, ಪರದೆಯ ಕೆಳಗೆ ಕಾರ್ಡು ತೂರಿಸುವ ಸೀಳು. ತೂರಿಸಿದೆ. ಜಿಪ್ ಕೋಡ್ ಒತ್ತು ಎಂದಿತು. ಜಿಪ್ ಕೋಡ್ ಎಂದರೆ ಅಲ್ಲಿನ ಪಿನ್‌ಕೋಡು, ಐದೇ ಅಂಕಿ. ಮೈಸೂರಿನದು 570ರಿಂದ ಶುರುವಾಗುವ ಆರಂಕಿ. ಐದನೆಯದು ಒತ್ತುತ್ತಿದ್ದ ಹಾಗೇ ಯಂತ್ರ ಸಾಕು ಎಂದುಕೊಂಡು ಒಂದು ಕ್ಷಣ ಧ್ಯಾನ ಮಾಡಿ, ಒಳಗೆ ಹೋಗಿ ಕ್ಯಾಷಿಯರನ್ನು ನೋಡು ಎಂದು ಪರದೆಯ ಮೇಲೆ ಬರೆಯಿತು. ಕಾರ್ಡು ಕೊಟ್ಟ ಬ್ಯಾಂಕಿನಲ್ಲಿರುವ ವಿಳಾಸಕ್ಕೆ ನಾವು ಒತ್ತಿದ ಅಂಕಿ ಹೊಂದಬೇಕು. ಕದ್ದ ಕಾರ್ಡುಗಳನ್ನು ಹಿಡಿಯಲು ಮಾಡಿಕೊಂಡ ಉಪಾಯ ಅದು. ಅದರ ಕಣ್ಣಿಗೆ ಕಳ್ಳನೂ ಒಂದೇ, ಮೈಸೂರಿನ ಮಾವನೂ ಒಂದೇ. ಒಳಗೆ ಹೋಗಿ ಇಂಗ್ಲಿಷಿನಲ್ಲಿ ವಿವರಿಸುವುದಕ್ಕೆ ಅಭಿಮಾನ ಅಡ್ಡ ಬಂತು. ರಸ್ತೆ ದಾಟಿ ಎದುರಿನ ಬಂಕಿಗೆ ಹೋದೆವು. ಆ ಯಂತ್ರ ಜಿಪ್ ಕೇಳಲಿಲ್ಲ. ಗ್ಯಾಲನ್ನಿಗೆ 3 ಡಾಲರ್ 20 ಸೆಂಟು. ನಾಜಲ್ ನಾನೇ ಹಿಡಿದು, ಟ್ಯಾಂಕ್ ತುಂಬಿ ಟಕ್ ಎಂದು ನಿಂತಾಗ 12 ಗ್ಯಾಲನ್ ಆಗಿತ್ತು, ನಮ್ಮ ಲೆಕ್ಕದಲ್ಲಿ 45 ಲೀಟರ್ ಚಿಲ್ಲರೆ. ಬಿಲ್ಲು 38 ಡಾಲರ್ 40 ಸೆಂಟು. ಗೆದ್ದವನ ಮುಖ ಮಾಡಿಕೊಂಡು ಕಾರು ಹತ್ತಿದೆ.

ಸೀಟ್ ಬೆಲ್ಟು ಹಾಕಿಕೊಳ್ಳುವಾಗ ಫೋನು ನೋಡಿದರೆ ಮೆಸೇಜು. ಕಾರ್ಡಿನಲ್ಲಿ 175 ಡಾಲರ್ ಬಳಕೆಯಾಗಿದೆ ಅಂತ.

ಕಣ್ಣೊರೆಸಿಕೊಂಡು ಇನ್ನೊಂದು ಸಲ ಓದಿದೆ. ಅಳಿಯಂದಿರಿಗೆ ತೋರಿಸಲಿಲ್ಲ, ಜಂಬ ಬಿಡಬೇಕಲ್ಲ. ಅಲ್ಲಿಂದ ನೇರವಾಗಿ ಹೋದದ್ದು ಒಂದು ದೊಡ್ಡ ಅಂಗಡಿಗೆ, ಊರಿಗೆ ಒಯ್ಯುವ ಸಾಮಾನಿಗೆ. ಅಮೆರಿಕದಿಂದ ಬರುವವರ ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂದು ನಿಮಗೆ ಗೊತ್ತೇ ಇದೆ: ಬಾದಾಮಿ, ಚಾಕ್ಲೇಟು, ವಿಟಮಿನ್ ಮಾತ್ರೆ ಡಬ್ಬಿ, ನೋವಿನ ಮುಲಾಮು. 93 ಡಾಲರ್ ಆಯಿತು. ಕಾರ್ಡು ಕೊಟ್ಟೆ. ಆಗಲ್ಲ ಎಂದಿತು ಯಂತ್ರ. ಆ ಹುಡುಗಿ ನಗುತ್ತಲೇ ಇನ್ನೊಂದು ಸಲ ಹಾಕಿದಳು. ಮತ್ತೆ ಆಗಲ್ಲ. ಹಿಂದೆ ಆರು ಜನರ ಸಾಲು. ನಮ್ಮ ಮನೆಯವರು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಮೂವತ್ತೆಂಟು ವರ್ಷ ಬ್ಯಾಂಕಲ್ಲಿದ್ದೋರ ಕಾರ್ಡು" ಅಂದರು. ಕನ್ನಡದಲ್ಲಿ ಅಂದದ್ದೊಂದು ಪುಣ್ಯ. ಅಳಿಯಂದಿರು ತಮ್ಮ ಕಾರ್ಡು ಚಾಚಿದರು.

ಲೆಕ್ಕ ಹಾಕಿದರೆ ಕಾರ್ಡಿನಲ್ಲಿ ನ್ಯಾಯವಾಗಿ 190ಕ್ಕೂ ಮೇಲೆ ಇರಬೇಕಿತ್ತು. ಇತ್ತು ಕೂಡ. ಎಲ್ಲಿಗೂ ಹೋಗಿರಲಿಲ್ಲ. ಮೇಲೆ ಟವೆಲ್ ಇತ್ತು, ಅಷ್ಟೆ.

ರಾತ್ರಿ ಮಗಳು ಬಿಡಿಸಿ ಹೇಳಿದಳು. "ಅಪ್ಪ, ಅದು ಹೋಲ್ಡು. ಯಾರೂ ತಗೊಂಡಿಲ್ಲ. ಎರಡು ಮೂರು ದಿನಕ್ಕೆ ತಾನೇ ಬಿಡುತ್ತೆ."

ಹೋಲ್ಡ್! ನನಗೆ ನಗು ಬಂತು. ನಮ್ಮ ಬ್ಯಾಂಕುಗಳಲ್ಲಿ ಅದಕ್ಕೆ ಲೀನ್ ಅನ್ನುತ್ತೇವೆ. ಖಾತೆಯಲ್ಲಿ ದುಡ್ಡಿರುತ್ತದೆ, ಅದರ ಮೇಲೆ ಲೀನ್ ಮಾರ್ಕ್ ಮಾಡಿಬಿಟ್ಟರೆ ಖಾತೆದಾರ ತೆಗೆಯುವ ಹಾಗಿಲ್ಲ. ಎಷ್ಟು ಜನರ ಖಾತೆಗೆ ನನ್ನ ಕೈಯಾರೆ ಅದನ್ನು ಹಾಕಿದ್ದೇನೋ ದೇವರೇ ಬಲ್ಲ. ಮಲೆನಾಡಿನ ಒಂದು ಶಾಖೆಯಲ್ಲಿದ್ದಾಗ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ತಮ್ಮನ ಸಾಲಕ್ಕೆ ಜಾಮೀನು ನಿಂತು ತಮ್ಮ ಡಿಪಾಸಿಟ್ಟಿನ ಮೇಲೆ ಲೀನ್ ಹಾಕಿಸಿಕೊಂಡವರು, ಅದನ್ನು ಮರೆತು ಮಗಳ ಮದುವೆಗೆ ಹಣ ಬಿಡಿಸಲು ಬಂದಿದ್ದರು. "ಹಣ ಇದೆ ಯಜಮಾನ್ರೇ, ತೆಗೆಯೋಕೆ ಬರಲ್ಲ" ಅಂದೆ. ಅವರು ಕನ್ನಡಕ ಒರೆಸಿಕೊಂಡು, "ನಮ್ಮ ಕಡೆ ಇದ್ದರೆ ಇದೆ ಅಂತೇವೆ, ಇಲ್ಲದಿದ್ದರೆ ಇಲ್ಲ ಅಂತೇವೆ. ಈ ಮೂರನೇದಕ್ಕೆ ಏನಂತಾರೆ ಮಾರಾಯ್ರೇ?" ಎಂದು ಕೇಳಿದರು. ಆಗ ನಾನು ರೂಲ್ಸ್ ಹೇಳಿದ್ದೆ. ಪ್ಲೇನೋದ ಅಂಗಡಿಯ ಸಾಲಿನಲ್ಲಿ ನಿಂತಾಗ ಅವರ ಮುಖ ಎದುರು ಬಂತು.

ಈಗ ಯಂತ್ರದ ಕಡೆಯ ನ್ಯಾಯವನ್ನೂ ಕೇಳೋಣ. ನ್ಯಾಯ ಇಲ್ಲದೆ ಇಲ್ಲ.

ಸೀರೆ ಅಂಗಡಿಯಲ್ಲಿ ಬೆಲೆ ಗೊತ್ತಾದ ಮೇಲೆ ಕಾರ್ಡು ಉಜ್ಜುತ್ತಾರೆ. ಅಂಗಡಿಯವನು ನಿಮ್ಮ ಬ್ಯಾಂಕನ್ನು ಕೇಳುವುದು ಇಷ್ಟೇ: ಈ ಮನುಷ್ಯ 2400 ರೂಪಾಯಿಗೆ ಬಾಳುತ್ತಾನೆಯೇ? ಬಾಳುತ್ತಾನೆ ಎಂದು ಬ್ಯಾಂಕು ಒಪ್ಪಿಗೆ ಕೊಡುತ್ತದೆ. ಈ ಒಪ್ಪಿಗೆ ಒಂದು ಹಂತ. ಹಣ ನಿಜವಾಗಿ ಕೈ ಬದಲಾಯಿಸುವುದು ಇನ್ನೊಂದು ಹಂತ, ಅದು ಮಾರನೆಯ ದಿನವೋ ಅದರ ಮಾರನೆಯ ದಿನವೋ ಬ್ಯಾಂಕು ಬ್ಯಾಂಕುಗಳ ನಡುವೆ ಮುಗಿಯುತ್ತದೆ. ಎರಡೂ ಹಂತದಲ್ಲಿ ಮೊತ್ತ ಒಂದೇ ಆದ್ದರಿಂದ ನಡುವಿನ ಅಂತರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ತಾನೇ ತುಂಬಿಸಿಕೊಳ್ಳುವ ಬಂಕಿನಲ್ಲಿ ಒಪ್ಪಿಗೆ ಕೇಳಬೇಕಾದಾಗ ಮೊತ್ತವೇ ಹುಟ್ಟಿರುವುದಿಲ್ಲ. ನೀವು ಬಂದಿರುವುದು ಹುಲ್ಲು ಕತ್ತರಿಸುವ ಯಂತ್ರಕ್ಕೆ ಒಂದು ಕ್ಯಾನು ತುಂಬಿಸಲೋ, 30 ಗ್ಯಾಲನ್ ಕುಡಿಯುವ ಲಾರಿಯಂಥ ಪಿಕಪ್ಪಿಗೋ ಯಂತ್ರಕ್ಕೆ ತಿಳಿಯದು. ತುಂಬಿದ ಮೇಲೆ ಕೇಳೋಣವೆಂದರೆ, ಟ್ಯಾಂಕಿಗೆ ಹೋದ ಪೆಟ್ರೋಲನ್ನು ಹೀರಿ ವಾಪಸು ತೆಗೆಯಲಾಗುವುದಿಲ್ಲ. ಸೀರೆಯನ್ನಾದರೂ ಮಡಿಸಿ ಒಳಗಿಡಬಹುದು.

ಹಾಗಾಗಿ ಅದು ಮುಂಚೆಯೇ ಒಂದು ಅಂದಾಜು ಹೇಳುತ್ತದೆ. ಎರಡು ಪದ್ಧತಿಗಳಿವೆ. ಒಂದರಲ್ಲಿ ಪಂಪು ಬರೀ 1 ಡಾಲರಿಗೆ ಒಪ್ಪಿಗೆ ಕೇಳುತ್ತದೆ. ನಾಡಿ ಹಿಡಿದು ನೋಡಿದ ಹಾಗೆ. ಕಾರ್ಡಿಗೆ ಜೀವ ಇದೆಯೇ, ಕಳವಾದದ್ದೆಂದು ಯಾರಾದರೂ ದೂರು ಕೊಟ್ಟಿದ್ದಾರೆಯೇ ಎಂದು ತಿಳಿಯುವುದಕ್ಕೆ. ಇನ್ನೊಂದರಲ್ಲಿ ದೊಡ್ಡ ಮೊತ್ತಕ್ಕೇ ಒಪ್ಪಿಗೆ ಕೇಳಿ ಅಷ್ಟನ್ನೂ ಕಟ್ಟಿಹಾಕುತ್ತದೆ. ಒಂದು ಡಾಲರಿನ ಪದ್ಧತಿ ಸಾಧುವಾಗಿ ಕಾಣುತ್ತದೆ, ಅಲ್ಲೂ ಒಂದು ಒಳಸುಳಿ ಇದೆ. ಕಾರ್ಡು ವ್ಯವಹಾರ ಬರುವಾಗ ಯಾವ ಬಗೆಯ ಅಂಗಡಿ ಎಂಬ ನಾಲ್ಕಂಕಿಯ ಗುರುತು ಜೊತೆಗೇ ಬರುತ್ತದೆ. ತಾನೇ ತುಂಬಿಸಿಕೊಳ್ಳುವ ಪಂಪಿಗೆ 5542. ಆ ಸಂಖ್ಯೆ ಕಂಡ ಬ್ಯಾಂಕು, ಓಹೋ, ಇದು ಒಂದು ಡಾಲರಿನಲ್ಲಿ ಮುಗಿಯುವ ಕಥೆಯಲ್ಲ ಎಂದು ತಾನಾಗಿಯೇ ದೊಡ್ಡ ಮೊತ್ತವನ್ನು ಹಿಡಿದಿಡಬಹುದು. ಅಂದರೆ ಪಂಪು ಕರ್ಚೀಫು ಎಸೆದರೆ ಬ್ಯಾಂಕು ಅದನ್ನು ಬಿಡಿಸಿ ಜಮಖಾನ ಹಾಸುತ್ತದೆ. ಗಿರಾಕಿ ಹೋಗಿ ಕೇಳಿದರೆ ಬಂಕಿನವರು ಬ್ಯಾಂಕನ್ನು ಕೇಳಿ ಅನ್ನುತ್ತಾರೆ, ಬ್ಯಾಂಕಿನವರು ಬಂಕನ್ನು ಕೇಳಿ ಅನ್ನುತ್ತಾರೆ. ಎರಡೂ ಮಾತು ಅರ್ಧರ್ಧ ನಿಜ, ಅದೇ ಕಷ್ಟ.

175 ಎಂಬ ಸಂಖ್ಯೆಗೂ ಒಂದು ಚರಿತ್ರೆ ಇದೆ. ಅಮೆರಿಕದಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ಇಂಥ ಪಂಪುಗಳಿಗೆ ಇಟ್ಟಿದ್ದ ಮೇಲ್ಮಿತಿ 125 ಡಾಲರ್. 2022ರಲ್ಲಿ ಯುಕ್ರೇನ್ ಯುದ್ಧದ ಬೆನ್ನಿಗೆ ಬೆಲೆ ಏರಿ, ಜೂನ್ ಹೊತ್ತಿಗೆ ದೇಶದ ಸರಾಸರಿಯೇ ಗ್ಯಾಲನ್ನಿಗೆ 5 ಡಾಲರ್ ದಾಟಿತು. 25 ಗ್ಯಾಲನ್ ಹಿಡಿಯುವ ಪಿಕಪ್ಪಿಗೆ 125 ಡಾಲರ್ ಎಂದರೆ ಗಂಟಲಿಗೆ ಬಂತು. ಇನ್ನೂ ದೊಡ್ಡ ಗಾಡಿಯವರಿಗೆ ಪಂಪು ನಡುವೆಯೇ ನಿಂತುಬಿಡುತ್ತಿತ್ತು, ಕಾರ್ಡು ಎರಡನೇ ಸಲ ಹಾಕಬೇಕು, ಎರಡನೇ ಟವೆಲ್ ಬೀಳಬೇಕು. ಆ ವರ್ಷ ಮಿತಿಯನ್ನು 175ಕ್ಕೆ ಏರಿಸಿದರು. ಎಲ್ಲ ಬಂಕುಗಳೂ ಅಷ್ಟು ಹಿಡಿಯಲೇಬೇಕೆಂದಿಲ್ಲ. 50, 75, 100 ಹಿಡಿಯುವವರೂ ಇದ್ದಾರೆ. ಬೆಲೆ ಆಮೇಲೆ ಇಳಿಯಿತು. ಮಿತಿ ಇಳಿಯಲಿಲ್ಲ. ನಮ್ಮ ಬಸ್ ದರ, ಆಟೋ ದರದ ಅನುಭವ ಇರುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಟವೆಲ್ ಹಾಕಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ತೆಗೆಯುವುದರಲ್ಲಿ ತಕರಾರು. ನಾಜಲ್ಲನ್ನು ಕೊಕ್ಕೆಗೆ ಸಿಕ್ಕಿಸಿದ ಕ್ಷಣದಲ್ಲಿ 38 ಡಾಲರ್ 40 ಸೆಂಟು ಎಂಬುದು ಪಂಪಿಗೆ ಗೊತ್ತು. ಆ ಸುದ್ದಿ ಕೂಡಲೇ ಬ್ಯಾಂಕಿಗೆ ಹೋದರೆ, ಬ್ಯಾಂಕು ಅದನ್ನು ಕೂಡಲೇ ಓದಿದರೆ, ಉಳಿದದ್ದು ಆಗಲೇ ಬಿಡುಗಡೆ. ಹಾಗೆ ಮಾಡುವ ಬಂಕುಗಳೂ ಬ್ಯಾಂಕುಗಳೂ ಇವೆ. ಕಾರ್ಡ್ ಕಂಪನಿಗಳ ನಿಯಮ ಪುಸ್ತಕಗಳು ಈ ವಿಷಯದಲ್ಲಿ ಗಂಟೆಗಳ ಲೆಕ್ಕದಲ್ಲಿ ಮಾತಾಡುತ್ತವೆ, ಆದರೆ ಎಷ್ಟೋ ಬ್ಯಾಂಕುಗಳು ದಿನಗಳ ಲೆಕ್ಕದಲ್ಲಿ ನಡೆಯುತ್ತವೆ. ಅಂತಿಮ ಬಿಲ್ಲು ಬಂದು, ಹಳೆಯ ಒಪ್ಪಿಗೆಗೆ ತಾಳೆಯಾಗುವವರೆಗೆ ಕಾಯುತ್ತವೆ. ಶುಕ್ರವಾರ ಸಂಜೆ ತುಂಬಿಸಿದರೆ ನಡುವೆ ಶನಿವಾರ, ಭಾನುವಾರ. ತಾಳೆಯಾಗದಿದ್ದರೆ ವಾಯಿದೆ ತೀರುವವರೆಗೆ ಅದು ಅಲ್ಲೇ. ಐದು ಸೀಟಿಗೆ ಟವೆಲ್ ಹಾಸಿದವನು ಒಬ್ಬನೇ ಹತ್ತಿದ್ದಾನೆ. ಉಳಿದ ನಾಲ್ಕು ಸೀಟಿನ ಮಾತೇ ಎತ್ತದೆ ಕಿಟಕಿಯ ಆಚೆ ನೋಡುತ್ತ ಕೂತಿದ್ದಾನೆ.

ನನಗಾದದ್ದು ಅಳಿಯನೆದುರು ಮುಖಭಂಗ, ಅಷ್ಟೆ. ಅಲ್ಲೇ ಬಾಳುವವರಿಗೆ ಇದು ಬೇರೆ ಥರ ತಾಗುತ್ತದೆ. ಕ್ರೆಡಿಟ್ ಕಾರ್ಡು ಇದ್ದವರಿಗೆ ಹೋಲ್ಡ್ ಬಿದ್ದದ್ದೇ ತಿಳಿಯುವುದಿಲ್ಲ. ಹತ್ತು ಸಾವಿರ ಡಾಲರಿನ ಮಿತಿಯಲ್ಲಿ 175 ಕಟ್ಟಿಹಾಕಿದರೆ ಯಾರಿಗೇನು? ಅದು ಬ್ಯಾಂಕಿನ ದುಡ್ಡು. ಡೆಬಿಟ್ ಕಾರ್ಡಿನವರದು ಸ್ವಂತ ದುಡ್ಡು. ಎರಡು ವಾರಕ್ಕೊಮ್ಮೆ ಸಂಬಳ ಬರುವ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಸಂಬಳಕ್ಕೆ ಮೂರು ದಿನ ಇದೆ, ಖಾತೆಯಲ್ಲಿ 190 ಡಾಲರ್ ಇದೆ. ಕೆಲಸಕ್ಕೆ ಹೋಗಲು 20 ಡಾಲರಿನ ಪೆಟ್ರೋಲ್ ಹಾಕಿಸಿದಳು. 175 ಹಿಡಿಯಿತು. ಅದೇ ರಾತ್ರಿ ಕರೆಂಟಿನ ಬಿಲ್ಲು ತಾನೇ ಕಡಿತವಾಗಲು ಬಂತು. ಖಾತೆಯಲ್ಲಿ ತೆಗೆಯಲು ಬರುವುದು 15 ಡಾಲರ್. ಬಿಲ್ಲು ವಾಪಸಾಗಬಹುದು, ಅಥವಾ ಬ್ಯಾಂಕು ತನ್ನ ಕೈಯಿಂದ ಕಟ್ಟಿ ದಂಡ ಹಾಕಬಹುದು. ಆ ದಂಡ ಅಮೆರಿಕದ ಅನೇಕ ಬ್ಯಾಂಕುಗಳಲ್ಲಿ ಬಹುಕಾಲ 35 ಡಾಲರಿನ ಆಸುಪಾಸು ಇತ್ತು. ಖಾತೆಯಲ್ಲಿ ದುಡ್ಡಿದ್ದೂ ಇಲ್ಲವೆಂದು ದಂಡ. ಹೆಚ್ಚು ಇರುವವನ ಟವೆಲಿಗೆ ತೂಕವಿಲ್ಲ, ಕಮ್ಮಿ ಇರುವವಳ ಮೇಲೆ ಅದೇ ಟವೆಲ್ ಒದ್ದೆ ಕಂಬಳಿ. ಅಡಿಕೆ ಯಜಮಾನರ ಪ್ರಶ್ನೆಯನ್ನು ಅಲ್ಲಿ ಎಷ್ಟು ಜನ ಕೇಳುತ್ತಿದ್ದಾರೋ.

ಬ್ರಿಟನ್ನಿನಲ್ಲೂ ಇದೇ ರಗಳೆ ಆಯಿತು. ಅಲ್ಲಿನ ಸೂಪರ್ ಮಾರ್ಕೆಟ್ ಬಂಕುಗಳು ಬಹುಕಾಲ 1 ಪೌಂಡಿನ ನಾಡಿ ಪರೀಕ್ಷೆಯಲ್ಲೇ ಇದ್ದವು. 2018ರ ಕೊನೆಯ ಹೊತ್ತಿಗೆ 99 ಪೌಂಡ್ ಹಿಡಿಯುವ ಹೊಸ ಕ್ರಮ ಬಂದಾಗ, 20 ಪೌಂಡಿಗೆ ಹಾಕಿಸಿದವರು ಹೌಹಾರಿದರು, ಪತ್ರಿಕೆಗಳಲ್ಲಿ ಗಲಾಟೆಯಾಯಿತು, ಪ್ರಯೋಗ ಕೆಲಕಾಲ ನಿಂತಿತು. ಆಮೇಲೆ ಸದ್ದಿಲ್ಲದೆ ಮತ್ತೆ ಬಂದು ತಳವೂರಿತು. ಒಂದು ಮೆಚ್ಚಬೇಕಾದ ಅಂಶ ಅದರಲ್ಲಿದೆ: ಖಾತೆಯಲ್ಲಿ 40 ಪೌಂಡೇ ಇದ್ದರೆ ಬ್ಯಾಂಕು ಅದನ್ನೇ ಹೇಳಬೇಕು, ಪಂಪು 40ಕ್ಕೆ ನಿಲ್ಲಬೇಕು. ಕಮ್ಮಿ ಇರುವವನನ್ನು ಬರಿಗೈಲಿ ಕಳಿಸುವುದಕ್ಕಿಂತ ಇದು ವಾಸಿ.

ಇದಕ್ಕೆಲ್ಲ ಪಂಪಿನ ಹತ್ತಿರ ಮನುಷ್ಯರಿಲ್ಲದಿರುವುದೇ ಕಾರಣ ಎಂದು ಮೊದಲು ನನಗೂ ಅನ್ನಿಸಿತ್ತು. ಒಳಗೆ ಕೂತವರು ಹೊರಗಿನ ಪಂಪನ್ನು ದೂರದಿಂದಲೇ ಚಾಲೂ ಮಾಡುವ ಏರ್ಪಾಡು 1964ರಲ್ಲಿ ಅಮೆರಿಕದ ಕೊಲರಾಡೋ ರಾಜ್ಯದ ವೆಸ್ಟ್‌ಮಿನ್‌ಸ್ಟರ್ ಊರಿನಲ್ಲಿ ಶುರುವಾಯಿತು. ಪಂಪಿನಲ್ಲೇ ಕಾರ್ಡು ಹಾಕುವುದು ಎಂಬತ್ತರ ದಶಕದ್ದು. ಗಿರಾಕಿಯ ಮುಖ ನೋಡುವವರು ಅಲ್ಲಿಂದಾಚೆ ಕಮ್ಮಿಯಾದರು. ಆದರೆ ನ್ಯೂಜೆರ್ಸಿ ನನ್ನ ತರ್ಕವನ್ನು ಕೆಡಿಸಿತು. ಆ ರಾಜ್ಯದಲ್ಲಿ ಇವತ್ತಿಗೂ ಗಿರಾಕಿ ತಾನೇ ಪೆಟ್ರೋಲ್ ಹಾಕಿಕೊಳ್ಳುವ ಹಾಗಿಲ್ಲ, 1949ರಿಂದ ಕಾನೂನು ಹಾಗಿದೆ. ಒರೆಗನ್ ಎಂಬ ರಾಜ್ಯವೂ 1951ರಿಂದ ಜೊತೆಗಿತ್ತು, 2023ರಲ್ಲಿ ಕೈಬಿಟ್ಟಿತು. ನ್ಯೂಜೆರ್ಸಿಯ ಕಾನೂನಿಗೆ ಬೆಂಕಿಯ ಭಯವೇ ಕಾರಣ ಎಂದು ಕಾಗದದಲ್ಲಿದೆ. ಆ ಕಾಲದಲ್ಲಿ ಅಲ್ಲಿನ ಹ್ಯಾಕೆನ್ಸ್ಯಾಕ್ ಊರಿನ ಇರ್ವಿಂಗ್ ರೈನ್‌ಗೋಲ್ಡ್ ಎಂಬಾತ 24 ಪಂಪುಗಳ ಬಂಕು ತೆರೆದು, ನೀವೇ ಹಾಕಿಕೊಳ್ಳಿ ಎಂದು ಗ್ಯಾಲನ್ನಿಗೆ 3 ಸೆಂಟು ಇಳಿಸಿದ್ದರಿಂದ ಉಳಿದ ಬಂಕಿನವರಿಗೆ ಹೊಟ್ಟೆಗೆ ಬೆಂಕಿ ಬಿದ್ದಿತ್ತು ಎಂದು ಹೇಳುವವರೂ ಇದ್ದಾರೆ.

ಅದಿರಲಿ. ಅದೇ ನ್ಯೂಜೆರ್ಸಿಯ ಎಡಿಸನ್ ಊರಿನ ಸುತ್ತಮುತ್ತ ನಮ್ಮ ಕನ್ನಡದವರು ಬೇಕಾದಷ್ಟಿದ್ದಾರೆ, ನಮ್ಮ ಷಡ್ಡಕರ ಮಗನೂ ಒಬ್ಬ. ಅವನಿಗೆ ಫೋನಿನಲ್ಲಿ, "ನಿಮ್ಮಲ್ಲಿ ಹುಡುಗ ಬಂದು ಹಾಕ್ತಾನಲ್ಲ, ಈ ಹೋಲ್ಡಿನ ಕಾಟ ಇಲ್ಲ ಬಿಡು" ಅಂದೆ. ಅವನು ನಕ್ಕ. "ಚಿಕ್ಕಪ್ಪ, ಆ ಹುಡುಗ ನನ್ನ ಕೈಯಿಂದ ಕಾರ್ಡ್ ಇಸ್ಕೊಂಡು ಅದೇ ಸೀಳಿಗೇ ತೂರಿಸ್ತಾನೆ. ಆಮೇಲೇ ಪೆಟ್ರೋಲು."

ಆಗ ಹೊಳೆಯಿತು. ಮನುಷ್ಯ ಇದ್ದಾನೋ ಇಲ್ಲವೋ ಎಂಬುದಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮುಖ್ಯ. ನಮ್ಮ ಬಂಕಿಗೆ ಹೋಗಿ ನಾವು ಲೀಟರ್ ಲೆಕ್ಕ ಹೇಳುತ್ತೇವೆಯೇ? "ಇನ್ನೂರಕ್ಕೆ ಹಾಕಪ್ಪ", "ಐನೂರಕ್ಕೆ". ಮೊತ್ತವೇ ಮೊದಲ ಮಾತು. ಹುಡುಗ ಅದನ್ನು ಒತ್ತಿ, ಸೊನ್ನೆ ನೋಡಿ ಸಾರ್ ಎಂದು, ಐನೂರಕ್ಕೆ ನಿಲ್ಲಿಸಿ, ಆಮೇಲೆ ಕಾರ್ಡಿನ ಯಂತ್ರವನ್ನೋ ಫೋನ್ ಪೇ ಹಲಗೆಯನ್ನೋ ಮುಂದೆ ಹಿಡಿಯುತ್ತಾನೆ. ಫುಲ್ ಟ್ಯಾಂಕ್ ಎನ್ನುವ ಕಾರಿನವರಿಗೂ ಯಂತ್ರ ಬರುವುದು ಬಿಲ್ಲು ಹುಟ್ಟಿದ ಮೇಲೆ. ದುಡ್ಡು ಕೊಡದೆ ಓಡಿದರೆ ಎಂಬ ಭಯಕ್ಕೆ ಅಲ್ಲಿ ನಾಜಲ್ ಹಿಡಿದ ಹುಡುಗನೇ ಕಾವಲು. ನಮ್ಮ ಬಂಕುಗಳಲ್ಲಿ ಬೇರೆ ಕಾಟಗಳಿವೆ, ಕ್ರೆಡಿಟ್ ಕಾರ್ಡಿನ ಸರ್‌ಚಾರ್ಜು, ಅಳತೆಯ ಬಗ್ಗೆ ನಮ್ಮೆಲ್ಲರ ಅನುಮಾನ. ಈ ಕಾಟವೊಂದು ಇಲ್ಲ.

ಹಾಗೆಂದು ಟವೆಲ್ ಪದ್ಧತಿಯೇ ನಮಗೆ ಹೊಸದಲ್ಲ. ಷೇರು ಅರ್ಜಿ ಹಾಕುವವರಿಗೆ ಆಸ್ಬಾ ಎಂಬ ಹೆಸರು ಗೊತ್ತು. ಮೊದಲು ಹೊಸ ಷೇರಿಗೆ ಅರ್ಜಿ ಹಾಕಿದರೆ ಚೆಕ್ಕು ಕೊಟ್ಟುಬಿಡಬೇಕಿತ್ತು; ಷೇರು ಸಿಗದಿದ್ದರೆ ದುಡ್ಡು ವಾಪಸು ಬರಲು ಪೋಸ್ಟ್‌ಮ್ಯಾನ್ ದಾರಿ ಕಾಯಬೇಕು. ಅಷ್ಟು ದಿನದ ಬಡ್ಡಿ ಯಾರ ಪಾಲೋ. ಷೇರುಪೇಟೆಯ ನಿಯಂತ್ರಕ ಸೆಬಿ 2008ರಲ್ಲಿ ಆಸ್ಬಾ ತಂದಿತು. ಹಣ ನಿಮ್ಮ ಖಾತೆಯಲ್ಲೇ ಇರುತ್ತದೆ, ಅರ್ಜಿಯ ಮೊತ್ತದ ಮೇಲೆ ಲೀನ್ ಮಾತ್ರ ಬೀಳುತ್ತದೆ, ಉಳಿತಾಯ ಖಾತೆಯ ಬಡ್ಡಿ ನಿಮಗೇ. ಷೇರು ಬಂದರೆ ಅಷ್ಟೇ ಕಡಿತ, ಬಾರದಿದ್ದರೆ ಲೀನ್ ಎತ್ತುತ್ತಾರೆ. ಅಲ್ಲಿ ಅದು ವರ. ಯಾಕೆಂದರೆ ಮೊತ್ತವನ್ನು ಅರ್ಜಿಯಲ್ಲಿ ನಾವೇ ಬರೆದಿರುತ್ತೇವೆ. ಪಂಪಿನಲ್ಲಿ ನಮ್ಮ ಪರವಾಗಿ ಮೊತ್ತ ಬರೆಯುವವರು ಬೇರೆಯವರು.

ಮಕ್ಕಳ ಮನೆಗೆಂದು ಹೊರಟಿರುವ ತಂದೆತಾಯಿಗಳು ಈ ಭಾಷಣ ಕೇಳುತ್ತಿದ್ದರೆ ನನ್ನ ಮುಖಭಂಗದಿಂದ ಅವರಿಗೆ ಇಷ್ಟಾದರೂ ಲಾಭವಾಗಲಿ. ಆ ಯಂತ್ರದ ಸೀಳನ್ನು ಬಿಟ್ಟು ಸೀದಾ ಒಳಗೆ ಹೋಗಿ. ಅಲ್ಲಿ ಕ್ಯಾಷಿಯರ್ ಇರುತ್ತಾರೆ, ಚಿಪ್ಸು ಕಾಫಿ ಮಾರುತ್ತಿರುತ್ತಾರೆ. ನಾಲ್ಕನೇ ನಂಬರ್ ಪಂಪು, 30 ಡಾಲರ್ ಎನ್ನಿ. ನಮ್ಮ ಊರಿನ ಐನೂರಕ್ಕೆ ಹಾಕಪ್ಪ ಎಂಬುದೇ ಅದು. ಹೇಳಿದಷ್ಟೇ ಕಡಿತವಾಗುತ್ತದೆ. ಟ್ಯಾಂಕಿನಲ್ಲಿ ಅಷ್ಟು ಹಿಡಿಯದಿದ್ದರೆ ಉಳಿದದ್ದನ್ನು ತಿರುಗಿಸುತ್ತಾರೆ. ನೋಟು ಕೊಟ್ಟರಂತೂ ಯಾವ ಟವೆಲೂ ಇಲ್ಲ. ಕೆಲವು ಬಂಕುಗಳಲ್ಲಿ ನೋಟಿಗೆ ಬೆಲೆಯೂ ಗ್ಯಾಲನ್ನಿಗೆ ಕೆಲವು ಸೆಂಟು ಕಮ್ಮಿ. ಪಂಪಿನ ಮೈಮೇಲೆ ಎಷ್ಟು ಹಿಡಿಯುತ್ತೇವೆ ಎಂಬ ಚೀಟಿಯನ್ನು ಸಣ್ಣ ಅಕ್ಷರದಲ್ಲಿ ಅಂಟಿಸಿರುವುದುಂಟು, ಓದುವ ಕನ್ನಡಕ ಜೇಬಿನಲ್ಲಿರಲಿ. ಪಂಪಿನಲ್ಲೇ ಹಾಕಬೇಕೆಂದರೆ ಡೆಬಿಟ್ಟಿಗಿಂತ ಕ್ರೆಡಿಟ್ ಕಾರ್ಡು ವಾಸಿ. ಫಾರೆಕ್ಸ್ ಕಾರ್ಡನ್ನಂತೂ ಬಂಕಿನಲ್ಲಿ, ಹೋಟೆಲ್ ರೂಮಿನ ಮುಂಗಡಕ್ಕೆ, ಬಾಡಿಗೆ ಕಾರಿಗೆ ಕೊಡಲೇಬೇಡಿ. ಅದನ್ನು ಕೊಡುವ ಬ್ಯಾಂಕುಗಳೇ ಹಾಗೆ ಎಚ್ಚರಿಸುತ್ತವೆ. ನನ್ನ ಕಾರ್ಡಿನ ಜೊತೆ ಬಂದ ಪುಸ್ತಿಕೆಯಲ್ಲೂ ಇತ್ತಂತೆ. ಮೂವತ್ತೆಂಟು ವರ್ಷ ಜನರಿಗೆ ಅಂಥ ಪುಸ್ತಿಕೆ ಕೊಟ್ಟವನು ತನ್ನದನ್ನು ತೆರೆದೇ ಇರಲಿಲ್ಲ.

ಇಲ್ಲಿನ ಮಾಮೂಲಿ ಕಾರ್ಡನ್ನೇ ಒಯ್ಯುವವರು ವಿಮಾನ ಹತ್ತುವ ಮುಂಚೆ ಅದರ ವಿದೇಶದ ಬಳಕೆಯನ್ನು ಚಾಲೂ ಮಾಡಿಸಿಕೊಂಡಿರಬೇಕು. ರಿಸರ್ವ್ ಬ್ಯಾಂಕಿನ ಆದೇಶದಂತೆ 2020ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ಮತ್ತೊಂದು ಮಾತು: ಒಂದು ಪಂಪು ಬೇಡ ಎಂದರೆ ಹಟಕ್ಕೆ ಬಿದ್ದು ಮತ್ತೆ ಮತ್ತೆ ತೂರಿಸಬೇಡಿ. ಪ್ರತಿ ತೂರಿಸುವಿಕೆಯೂ ಒಂದೊಂದು ಟವೆಲ್ ಆಗಬಹುದು. ಒಂದು ತೊಟ್ಟು ಪೆಟ್ರೋಲ್ ಬೀಳದಿದ್ದರೂ.

ನನ್ನ 175 ನಾಲ್ಕನೇ ದಿನ ಬೆಳಿಗ್ಗೆ ಮಾಯವಾಗಿ ಅದರ ಜಾಗದಲ್ಲಿ 38 ಡಾಲರ್ 40 ಸೆಂಟು ಬಂದು ಕೂತಿತು. ಅಳಿಯಂದಿರಿಗೆ ಬಾದಾಮಿಯ ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಕಾರ್ಡಿನಲ್ಲಿ ದುಡ್ಡು ಹಾಗೇ ಉಳಿಯಿತು. ಮೈಸೂರಿಗೆ ಬಂದ ಎರಡನೇ ದಿನವೇ ಅದನ್ನು ವಾಪಸು ಮಾಡಲು ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳೊಬ್ಬಳು ಕಂಪ್ಯೂಟರ್ ನೋಡಿ, ಹುಬ್ಬು ಗಂಟಿಕ್ಕಿ, ಮತ್ತೆ ನೋಡಿದಳು.

"ಸಾರ್, ಇದರಲ್ಲಿ ಒಂದು ಡಾಲರ್ ಬ್ಲಾಕ್ ತೋರಿಸ್ತಿದೆ. ಟೆಕ್ಸಸ್ಸು. ಯಾವುದೋ ಪೆಟ್ರೋಲ್ ಬಂಕು."

ಐದಂಕಿಗೇ ಸಾಕೆಂದಿದ್ದ ಮೊದಲನೇ ಬಂಕು.

"ಅಲ್ಲಿ ನಾನು ಪೆಟ್ರೋಲೇ ಹಾಕಿಸಿಲ್ಲಮ್ಮ" ಅಂದೆ.

"ಇರಬಹುದು ಸಾರ್. ಅದು ಬಿಡೋವರೆಗೂ ಕಾರ್ಡ್ ಕ್ಲೋಸ್ ಮಾಡೋಕೆ ಬರಲ್ಲ. ದುಡ್ಡೆಲ್ಲಾ ಇದೆ, ತೆಗೆಯೋಕಾಗಲ್ಲ ಅಷ್ಟೆ. ಇನ್ನೊಂದು ವಾರ ಬಿಟ್ಟು ಬನ್ನಿ."

ಎದ್ದು ಬಂದೆ.